ಸೂಜಿಸೊಪ್ಪು ಕೈಮದ್ದಾದದ್ದು

ನಾನು ಮದುವೆಯಾಗಿ ಬಂದ ಮನೆಯಲ್ಲಿ ಹೊಡೆತಕ್ಕೂ ಒಂದು ಹೊತ್ತಿತ್ತು. ಸಂಜೆ ಹಾಲು ಕರೆದು, ಕ್ಯಾನು ಡೇರಿಗೆ ಹೋದ ಮೇಲೆ, ದೀಪ ಹಚ್ಚುವುದಕ್ಕೆ ಮುಂಚಿನ ಸ್ವಲ್ಪ ಹೊತ್ತು. ನನ್ನ ಮೈದುನ ಅಷ್ಟರಲ್ಲಿ ಪಾಂಡವಪುರದಲ್ಲಿ ಕುಡಿದು ಬಂದಿರುತ್ತಿದ್ದ. ಜಗಲಿಯ ಮೇಲೆ ಅವನು ಚಪ್ಪಲಿ ಬಿಟ್ಟ ಸದ್ದಿನಲ್ಲೇ ಎಲ್ಲ ತಿಳಿಯುತ್ತಿತ್ತು. ಎರಡೂ ಒಟ್ಟಿಗೆ ಬಿದ್ದರೆ ಆ ದಿನ ಏನೂ ಇಲ್ಲ. ಒಂದು ಇಲ್ಲಿ ಬಿದ್ದು ಇನ್ನೊಂದು ತಡವಾಗಿ ಇನ್ನೆಲ್ಲೋ ಬಿದ್ದರೆ, ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಕೈಬಳೆಗಳನ್ನು ಕಳಚಿ ಗೋಡೆಯ ಗೂಡಿನಲ್ಲಿಡುತ್ತಿದ್ದಳು. ಗಾಜು ಒಡೆದು ಕೈಗೆ ಚುಚ್ಚಿಕೊಂಡರೆ ಮಾರನೆಯ ಬೆಳಿಗ್ಗೆ ಹಸುವಿನ ಕೆಚ್ಚಲು ಮುಟ್ಟಲಾಗುವುದಿಲ್ಲ ಎಂದು.

ಊರು ಚಿನಕುರಳಿಯ ದಾರಿಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಮಧ್ಯಾಹ್ನದ ಹೊತ್ತು ಕಲ್ಲುಕ್ವಾರಿಯಲ್ಲಿ ಬಂಡೆ ಸಿಡಿಸಿದರೆ ನಮ್ಮ ಅಡುಗೆಮನೆಯ ಸ್ಟೀಲು ತಟ್ಟೆಗಳು ನಡುಗಿ ಒಂದಕ್ಕೊಂದು ತಾಗುತ್ತಿದ್ದವು. ನನ್ನ ಗಂಡ ಶ್ರೀರಂಗಪಟ್ಟಣದಲ್ಲಿ ಬ್ಯಾಂಕಿನ ಗುಮಾಸ್ತ. ಬೆಳಿಗ್ಗೆ ಬಸ್ಸು ಹತ್ತಿದರೆ ಕತ್ತಲಾದ ಮೇಲೆ ಬರುತ್ತಿದ್ದರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ದನಿ ಎತ್ತಿ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಶಾಲೆ ಅದು. ಮೊದಲ ಸಲ ಮೈದುನ ಓರಗಿತ್ತಿಯ ಜಡೆಯನ್ನು ಕೈಗೆ ಸುತ್ತಿಕೊಂಡು ನಡುಮನೆಯಿಂದ ಕೊಟ್ಟಿಗೆಯವರೆಗೆ ಎಳೆದುಕೊಂಡು ಹೋದಾಗ ನಾನು ಹಿಂದೆ ಓಡಿ, "ಪ್ಲೀಸ್, ಹಾಗೆಲ್ಲ ಮಾಡಬೇಡಿ" ಅಂದೆ. ನನ್ನ ಅತ್ತೆಗೆ ಆ ಪ್ಲೀಸ್ ಬಹಳ ಕಾಲ ತಮಾಷೆಯಾಗಿ ಉಳಿಯಿತು. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿದರೂ, "ಪಿಲೀಸು ಅನ್ನು, ನಿಂತ್ಕತದೆ" ಅನ್ನುತ್ತಿದ್ದರು.

ಅತ್ತೆ ಕೆಟ್ಟವರಲ್ಲ. ಅವರ ಎಡಗಿವಿಯ ತೂತು ಹರಿದು ಎರಡು ಎಸಳಾಗಿತ್ತು. ಓಲೆ ಹಾಕಿಕೊಂಡಿದ್ದಾಗಲೇ ಮಾವ ಕಪಾಳಕ್ಕೆ ಬಾರಿಸಿದ್ದರಂತೆ. "ನಾವ್ ತಿಂದಿಲ್ವಾ? ಒಡ್ಯೋನೂ ಅವ್ನೇ, ನಾವ್ ಇಕ್ಕಿದ್ದ ಉಣ್ಣೋನೂ ಅವ್ನೇಯ" ಎಂದು ಹೇಳಿ ರಾಗಿ ಕೇರುತ್ತಾ ಕೂರುತ್ತಿದ್ದರು.

ರೋಸ್‌ಮೇರಿ ಎಂಬ ಅಡುಗೆಸೊಪ್ಪು ಆ ಮನೆಗೆ ಬಂದದ್ದು ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಗಳಾಗಿ. ಮದುವೆಗೆ ಕರೆಯಲು ಶಾಲೆಗೆ ಹೋಗಿದ್ದಾಗ, ಅಲ್ಲಿಯ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಊಟಿ ಕಡೆಯ ಸಿಸ್ಟರ್ ಮುರಿದು ಕೊಟ್ಟಿದ್ದರು. ಮೊದಲು ನೆಟ್ಟದ್ದು ಕೊಳೆಯಿತು. ನಮ್ಮದು ನಾಲೆ ನೀರಿನ ಸೀಮೆ, ಮಣ್ಣಿಗೆ ಯಾವಾಗಲೂ ತೇವ. ಅದರ ಮೇಲೆ ಅತ್ತೆ ಭತ್ತದ ಪೈರಿಗೆ ಕಟ್ಟಿದ ಹಾಗೆ ನೀರು ಕಟ್ಟಿದ್ದರು. ಉಳಿದ ಕಡ್ಡಿಗೆ ನಾನು ಕ್ವಾರಿಯ ಕಲ್ಲುಪುಡಿಯನ್ನು ಮಣ್ಣಿಗೆ ಸಮ ಬೆರೆಸಿ, ಒಡೆದ ಕೊಡದ ತಳದಲ್ಲಿ ಹೆಂಚಿನ ಚೂರು ಹಾಸಿ ನೆಟ್ಟೆ. ಬಚ್ಚಲ ಗೋಡೆಯ ಬಿಸಿಲಿಗೆ ಇಟ್ಟು, ಮಣ್ಣು ಬಿರುಕು ಬಿಟ್ಟ ಮೇಲಷ್ಟೇ ನೀರು ಹಾಕಿದೆ. ಅದು ಹಿಡಿಯಿತು. ಸರ್ವೆಮರದ ಮರಿಯ ಹಾಗಿತ್ತು, ಎಲೆಗಳು ಸೂಜಿಯಂತೆ ಗಟ್ಟಿ. ಮೇಲೆ ಹಸಿರು, ಕೆಳಗೆ ಬೂದಿ ಮೆತ್ತಿದ ಹಾಗೆ. ಬೆರಳಲ್ಲಿ ಉಜ್ಜಿದರೆ ಕರ್ಪೂರಕ್ಕೂ ನೀಲಗಿರಿ ಎಣ್ಣೆಗೂ ನಡುವಿನ ವಾಸನೆ. ಓರಗಿತ್ತಿಯ ನಾಲಿಗೆಗೆ ರೋಸ್‌ಮೇರಿ ಹೊರಳಲಿಲ್ಲ. "ಸೂಜಿಸೊಪ್ಪು ಅನ್ನಕ್ಕಾ, ಬುಡು" ಅಂದಳು. ಮನೆಯಲ್ಲಿ ಅದೇ ಹೆಸರು ನಿಂತಿತು.

ಆಲೂಗೆಡ್ಡೆಯನ್ನು ಸಿಪ್ಪೆ ಸಮೇತ ಸೀಳಿ ಬೆಳ್ಳುಳ್ಳಿ, ಸೂಜಿಸೊಪ್ಪಿನ ಜೊತೆ ಹುರಿದರೆ ಅವಳು ಬಾಣಲೆಯಿಂದಲೇ ತೆಗೆದು ತಿನ್ನುತ್ತಿದ್ದಳು. ಕುದಿಸಿ ಸೋಸಿದ ನೀರನ್ನು ತಲೆಗೆ ಸುರಿದುಕೊಳ್ಳುತ್ತಿದ್ದೆವು. ಮೈದುನ ಹಿಡಿದೆಳೆದ ಜಾಗದಲ್ಲಿ ಅವಳ ಕೂದಲು ಮತ್ತೆ ಬರಲಿ ಎಂಬುದು ನನ್ನ ಆಸೆ. ಕೊಬ್ಬರಿ ಎಣ್ಣೆಗೆ ಎಲೆ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ, ಆರಿದ ಮೇಲೆ ಸೀಸೆಯಲ್ಲಿ ಇಟ್ಟಿರುತ್ತಿದ್ದೆ. ಹೊಡೆತ ಬಿದ್ದ ಮಾರನೆಯ ದಿನ, ಗಂಡಸರು ಹೊರಗೆ ಹೋದ ಮೇಲೆ, ಅವಳು ರವಿಕೆ ಬಿಚ್ಚಿ ನನಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಆ ಬೆನ್ನಿನಲ್ಲಿ ನೇರಳೆ ಬಣ್ಣದ್ದು ಹೊಸದು, ಹಳದಿ ತಿರುಗಿದ್ದು ಹಳೆಯದು, ನಡುವೆ ಹಸಿರು. ಎಣ್ಣೆಯ ಕೈ ಮೆಲ್ಲಗೆ ಆಡಿಸಿದರೆ, "ಜೋರಾಗ್ ಉಜ್ಜಕ್ಕಾ, ಮುದ್ದು ಮಾಡ್ತಿದ್ದೀಯೇನು" ಎಂದು ರೇಗಿಸುತ್ತಿದ್ದಳು.

ಒಂದು ಬೇಸಿಗೆ ಮೈದುನನಿಗೆ ಹೊಟ್ಟೆ ಉರಿ ಶುರುವಾಯಿತು. ಕೆನ್ನೆ ಒಳಗೆ ಹೋಯಿತು, ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ನನ್ನ ಗಂಡ, "ಕುಡಿಯೋದು ಬಿಡ್ಲಾ, ಎಲ್ಲ ಸರಿಹೋಯ್ತದೆ" ಅಂದರು. ಅವನ ಜೊತೆ ಕುಡಿಯುವವರು ಬೇರೆ ಹೇಳಿದರು: ಯಾರೋ ಕೈಮದ್ದು ಇಕ್ಕಿದ್ದಾರೆ.

ಕೈಮದ್ದು ಅಂದರೆ ನಮ್ಮ ಕಡೆ ಗಂಡಸರಿಗೆ ಹಾವಿಗಿಂತ ಹೆಚ್ಚಿನ ಹೆದರಿಕೆ. ಗಂಡನನ್ನು ಹಿಡಿತದಲ್ಲಿಟ್ಟುಕೊಳ್ಳಲು ಹೆಂಡತಿ ಅನ್ನದಲ್ಲಿ ಕಲಸಿ ಇಕ್ಕುವ ಏನೋ ಒಂದು. ಅದು ಕರುಳಿಗೆ ಅಂಟಿಕೊಂಡು, ಬೆಳೆದು, ಮನುಷ್ಯನನ್ನು ಒಣಗಿಸುತ್ತದೆ ಎನ್ನುತ್ತಾರೆ. ಸೊಪ್ಪಿನ ರಸ ಕುಡಿಸಿ ಅದನ್ನು ಕಕ್ಕಿಸಿ ತೆಗೆಯುವವರೂ ಇದ್ದಾರೆ. ಅಂಥ ಒಬ್ಬನು ಕೆ.ಆರ್. ಪೇಟೆಯ ಆಚೆ ಒಂದು ಹಳ್ಳಿಯಲ್ಲಿದ್ದ. ಅತ್ತೆ ಮಗನನ್ನು ಕರೆದುಕೊಂಡು ಹೊರಟರು. "ನೀನೂ ಬಾ, ಬಸ್ಸಿನ ಬೋಲ್ಡು ಓದಾಕೆ" ಎಂದು ನನ್ನನ್ನೂ ಹೊರಡಿಸಿದರು. ಹಿಂದಿನ ದಿನ ಭಾನುವಾರ. ಊರಿನಲ್ಲಿ ಕುರಿ ಕೊಯ್ದು ಗುಡ್ಡೆ ಹಾಕಿ ಹಂಚಿದ್ದ ಬಾಡನ್ನು ನಾನೇ ಹುರಿದಿದ್ದೆ. ಇಡೀ ಕಡ್ಡಿ ಸೂಜಿಸೊಪ್ಪು ಹಾಕಿದ್ದೆ. ಕಡ್ಡಿ ತೆಗೆದು ಬಿಸಾಡಿದರೂ ಎಲೆಗಳು ಮಸಾಲೆಯಲ್ಲಿ ಉದುರಿ ಉಳಿದಿದ್ದವು. ಗಂಡನಿಗೆ ಬಡಿಸಿದವಳು ಓರಗಿತ್ತಿ.

ಆ ಮನುಷ್ಯನ ಹಟ್ಟಿಯ ಹಿಂದೆ ಒಂದು ಹೊಂಗೆ ಮರ. ಅದರ ಕೆಳಗೆ ನೆಲವೆಲ್ಲ ಕಕ್ಕಿ ಕಕ್ಕಿ ಕಪ್ಪಾಗಿತ್ತು, ನೊಣಗಳು ಗುಂಯ್ ಅನ್ನುತ್ತಿದ್ದವು. ಹಸಿರು ರಸವನ್ನು ಚೊಂಬಿನ ತುಂಬ ಕುಡಿಸಿದ. ಮೈದುನ ಮುಖ ತಿರುಗಿಸಿದಾಗ ದವಡೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಸುರಿದ. ಆಮೇಲೆ ಕತ್ತಿನ ಹಿಂದೆ ಮೊಣಕಾಲಿಟ್ಟು ಬಗ್ಗಿಸಿದ. ಮೈದುನ ಕಣ್ಣುಗುಡ್ಡೆ ಹೊರಗೆ ಬರುವ ಹಾಗೆ, ಹಣೆಯ ನರ ಉಬ್ಬಿ, ಪ್ರಾಣಿಯ ದನಿಯಲ್ಲಿ ಕಕ್ಕಿದ. ನಿಂತಿತು ಅಂದುಕೊಂಡಾಗ ಆ ಮನುಷ್ಯ ಬೆನ್ನಿಗೆ ಗುದ್ದಿ ಮತ್ತೆ ಕಕ್ಕಿಸಿದ. ಕೊನೆಗೆ ರಕ್ತದ ಎಳೆಯೂ ಬಂತು. ಅತ್ತೆ ಸೆರಗು ಬಾಯಿಗಿಟ್ಟು ಅಳುತ್ತಿದ್ದರು. ಅಷ್ಟು ದಿನ ಹೊಡೆದವನನ್ನು ಹೀಗೆ ಒಬ್ಬ ನೆಲಕ್ಕೆ ಅದುಮಿದ್ದನ್ನು ನೋಡಿ ನನ್ನೊಳಗೆ ಏನೋ ತಣ್ಣಗಾಯಿತು ಅಂದರೆ ಸುಳ್ಳಲ್ಲ.

ಆ ಮನುಷ್ಯ ಕಡ್ಡಿಯಿಂದ ಕೆದಕಿ, ನೀರು ಹನಿಸಿ ತೊಳೆದು, ಮುತ್ತುಗದ ಎಲೆಯ ಮೇಲೆ ಇಟ್ಟು ತೋರಿಸಿದ. "ನೋಡ್ರವ್ವಾ. ಕರಗಿಲ್ಲ, ಅರಗಿಲ್ಲ. ಸೂಜಿ ಇದ್ದಂಗ್ ಇದ್ದಂಗೇ ಅವೆ."

ರೋಸ್‌ಮೇರಿಯ ಎಲೆಗಳು. ಬೇಯುವುದು ಕಷ್ಟ, ಅರಗುವುದು ಇನ್ನೂ ಕಷ್ಟ. ಅದು ಆ ಗಿಡದ ಗುಣ. ನಾನು ಅಲ್ಲೇ ಹೇಳಿದೆ: "ಇದು ಮದ್ದಲ್ಲ. ನಮ್ಮ ಮನೆ ಕುಂಡದ ಸೊಪ್ಪು. ನಿನ್ನೆ ಬಾಡಿಗೆ ನಾನೇ ಹಾಕಿದ್ದೆ. ನಾನೂ ತಿಂದೆ, ಅತ್ತೆಯೂ ತಿಂದರು."

ಅವನು ಕೋಪಿಸಿಕೊಳ್ಳಲಿಲ್ಲ. "ಸೊಪ್ಪು ಯಾವ್ದಾರ ಆಗ್ಲಿ ತಾಯಿ. ಕೊತ್ತಂಬ್ರಿ ಸೊಪ್ಪಲ್ಲೂ ಇಕ್ತಾರೆ. ಮದ್ದು ಕೂರೋದು ಸೊಪ್ಪಲ್ಲಲ್ಲ, ಕೈಯಲ್ಲಿ. ಇವ್ರಿಗೆ ಇಕ್ಕಿದ್ದು ಯಾರ ಕೈ?"

ಅತ್ತೆ ನೆಲ ನೋಡುತ್ತಾ, "ಕಿರಿಯೋಳು" ಅಂದರು.

ಹಿಂದಿರುಗುವ ಬಸ್ಸಿನಲ್ಲಿ ಮೈದುನ ಆ ಎಲೆಗಳನ್ನು ಟವೆಲಿನ ತುದಿಗೆ ಗಂಟು ಹಾಕಿಕೊಂಡಿದ್ದ. ನಾನು ಮುಂದಿನ ಸೀಟಿನಿಂದ ತಿರುಗಿ ತಿರುಗಿ ಅದೇ ಮಾತನ್ನು ಹೇಳಿದೆ. ಅವನು ಕಿಟಕಿಯ ಹೊರಗೆ ನೋಡಿದ. ಪಾಂಡವಪುರದಲ್ಲಿ ಇಳಿದಾಗ ಕುಡಿಯಲು ಹೋಗಲಿಲ್ಲ. ನನಗೆ ಹೆದರಿಕೆಯಾದದ್ದು ಆಗ. ಕುಡಿದಾಗ ಅವನ ಕೈ ಗುರಿ ತಪ್ಪುತ್ತಿತ್ತು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು, ಹಾಲು ಕರೆಯುವ ಹೊತ್ತೂ ಆಗಿರಲಿಲ್ಲ. ಓರಗಿತ್ತಿ ಕೊಟ್ಟಿಗೆಯಲ್ಲಿ ಹಸಿಹುಲ್ಲು ಕತ್ತರಿಸುತ್ತಿದ್ದಳು. ಹೊತ್ತಲ್ಲದ ಹೊತ್ತು, ಬಳೆ ಕಳಚಿರಲಿಲ್ಲ. ತಲೆಯೆತ್ತಿ, "ಏನಂದ್ರಕ್ಕಾ?" ಎಂದು ನನ್ನನ್ನು ಕೇಳುತ್ತಿದ್ದ ಹಾಗೇ ಅವನು ಗೋಡೆಗೆ ಒರಗಿಸಿದ್ದ ನೊಗದ ಗೂಟ ತೆಗೆದುಕೊಂಡ. ಮೊದಲ ಏಟಿಗೆ ಅವಳು ಕೈ ಅಡ್ಡ ಹಿಡಿದಳು. ಬಳೆ ಒಡೆದ ಸದ್ದಿನೊಳಗೇ ಇನ್ನೊಂದು ಸದ್ದು ಕೇಳಿತು, ಒಣ ಜೋಳದ ದಂಟು ಮುರಿದ ಹಾಗೆ. ಅವಳ ಮಣಿಕಟ್ಟು ಇರಬಾರದ ದಿಕ್ಕಿಗೆ ತಿರುಗಿತು. ಅವಳು ಆಶ್ಚರ್ಯದಿಂದ ಆ ಕೈಯನ್ನೇ ನೋಡಿದಳು.

"ನನ್ನುವೇ ಒಣ್ಗಿಸ್ ಸಾಯ್ಸಾಕ್ ನೋಡ್ತೀಯಾ, ಲೌಡಿ? ನನ್ ಮನೆ ಅನ್ನ ತಿಂದು ನಂಗೇ ಮದ್ದಿಕ್ತೀಯಾ?"

ಗೂಟ ಬೆನ್ನಿಗೆ ಬಿತ್ತು, ತೊಡೆಗೆ ಬಿತ್ತು. ಹಸು ಹೆದರಿ ಹಗ್ಗ ಜಗ್ಗಿ, ಗೋಡೆಗೆ ಮೈ ಒತ್ತಿ ನಿಂತಿತು. ನಾನು ನಡುವೆ ಹೋದೆ. ಒಂದು ಏಟು ನನ್ನ ಭುಜಕ್ಕೂ ಬಿದ್ದು, ಬೆರಳಿನ ತುದಿಯವರೆಗೆ ಸಿಡಿಯಿತು. ಬಚ್ಚಲ ಕಡೆ ಓಡಿ, ಗಿಡದ ಒಂದು ರೆಂಬೆಯನ್ನೇ ಮುರಿದುಕೊಂಡು ಬಂದು ಅವನೆದುರು ಎಲೆ ಕಿತ್ತು ಬಾಯಿಗೆ ತುರುಕಿಕೊಂಡೆ. ಹಸಿ ಎಲೆ ಕಹಿ, ಗಂಟಲು ಕೆರೆಯಿತು. ಅಗಿದು ನುಂಗಿ ಬಾಯಿ ತೆರೆದು ತೋರಿಸಿದೆ. "ನೋಡಿ! ನಾನೇ ತಿಂತಾ ಇದ್ದೀನಿ! ಇದು ನನ್ನ ಗಿಡ!" ನನ್ನ ಜೀವನದಲ್ಲಿ ಅಷ್ಟು ಗಟ್ಟಿಯಾಗಿ ಕಿರುಚಿದ್ದು ಅದೇ ಮೊದಲು.

"ಅತ್ಗೆ, ಅತ್ಲಾಗ್ ಓಗಿ," ಅಂದ ಅವನು. ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ, ಆಗಲೂ. "ಗಿಡ ನಿಮ್ದು. ಕೈ ಅವುಳ್ದು. ನೀವ್ ಓದ್ದೋರು, ನಿಮ್ಗ್ ಇದೆಲ್ಲ ಗೊತ್ತಾಗಕಿಲ್ಲ."

ಅವಳು ಹಿಂದೆ ಸರಿಯುತ್ತಾ ಗೊಬ್ಬರದ ಗುಂಡಿಯ ಅಂಚಿನವರೆಗೆ ಹೋಗಿದ್ದಳು. ಇನ್ನು ಹಿಂದಕ್ಕೆ ಜಾಗವಿರಲಿಲ್ಲ. ಅವನು ಎರಡೂ ಕೈಯಲ್ಲಿ ಗೂಟ ಎತ್ತಿದ. ಈ ಸಲ ತಲೆಗೆ ಎಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅತ್ತೆ ಕೂಡ, "ಬ್ಯಾಡ ಕನ್ಲಾ ಮಗಾ, ಸತ್ತೋಯ್ತಾಳೆ!" ಎಂದು ಅರಚಿದರು.

ಆಗ ಅವಳು ನಕ್ಕಳು. ತುಟಿ ಒಡೆದು ಹಲ್ಲೆಲ್ಲ ಕೆಂಪಾಗಿತ್ತು.

"ಊ ಕನಯ್ಯಾ. ಇಕ್ಕಿವ್ನಿ."

ಗೂಟ ಗಾಳಿಯಲ್ಲೇ ನಿಂತಿತು.

"ನಾನೇ ಇಕ್ಕಿದ್ದು. ಕೆ.ಆರ್. ಪ್ಯಾಟೆಲಿ ಕಕ್ಕಿಸ್ಬುಟ್ನಾ ಅವ್ನು? ಬರೀ ಮೇಲಿಂದು ಬಂದಿರೋದು. ಬೇರು ಒಳ್ಗೇ ಅದೆ. ಅದುನ್ನ ಕೀಳೋದು ಇಕ್ಕಿದ್ ಕೈಗೆ ಮಾತ್ರ ಗೊತ್ತು. ಒಡಿ. ನಾನು ಸತ್ತ್ ದಿನದಿಂದ ಅದು ಬೆಳ್ಯಾಕ್ ಸುರು ಮಾಡ್ತದೆ. ಒಡೀಲಾ ಗಂಡ್ಸೇ, ಯಾಕ್ ನಿಂತ್ಕಂಡೆ?"

ಹೆಂಡತಿ ಗಂಡನನ್ನು 'ಲಾ' ಎಂದು ಕರೆದದ್ದನ್ನು ಆ ಮನೆ ಎಂದೂ ಕೇಳಿರಲಿಲ್ಲ. ಅವನ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ಮೊದಲು ತುಟಿ, ಆಮೇಲೆ ಕಿವಿ. ಒಂದು ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಗೂಟ ಬಿಸಾಡಿ ಹೊರಗೆ ನಡೆದ. ಅವಳು ಅಲ್ಲೇ ಗೊಬ್ಬರದ ಮೇಲೆ ಕುಸಿದು ಕೂತಳು. ನಾನು ಹತ್ತಿರ ಹೋಗಿ, "ಯಾಕೆ ಹಾಗೆ ಹೇಳಿದೆ? ನೀನು ಏನೂ ಮಾಡಿಲ್ಲ" ಅಂದೆ.

"ಸುಮ್ಕಿರಕ್ಕಾ," ಅಂದಳು. "ನೀನು ನಿಜ ಏಳ್ದೆ. ನಿಂತ್ನಾ ಅವ್ನು?"

ಮಣಿಕಟ್ಟನ್ನು ನಾಟಿ ವೈದ್ಯರು ಬಿದಿರ ಪಟ್ಟಿ ಇಟ್ಟು ಕಟ್ಟಿದರು. ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತು. ಅಷ್ಟರಲ್ಲಿ ನನ್ನ ಗಂಡ ಊರಿನ ಹಿರಿಯರನ್ನು ಜಗಲಿಗೆ ಕರೆಸಿದ್ದರು. ಅವರದು ಸದುದ್ದೇಶವೇ. ಇದು ಅಡುಗೆಯ ಸೊಪ್ಪು, ಮೂಢನಂಬಿಕೆಗೆ ಮನೆ ಒಡೆಯಬಾರದು ಎಂದು ಎಲ್ಲರೆದುರು ಸಾಬೀತು ಮಾಡಬೇಕೆಂದಿದ್ದರು. ನನ್ನನ್ನೇ ಸಾಕ್ಷಿಗೆ ಕರೆದರು. ಹಿರಿಯರಲ್ಲಿ ಒಬ್ಬರು, ಬಾಯಲ್ಲಿ ಎಲೆಅಡಿಕೆ, "ನೀನು ಓದಿರೋ ಎಣ್ಣುಮಗ. ಸುಳ್ಳಾಡಕಿಲ್ಲ ಅಂತ ಊರಿಗೇ ಗೊತ್ತು. ಏಳವ್ವಾ, ಅದು ಮದ್ದಾ, ಅಲ್ವಾ? ಅಲ್ಲ ಅಂದ್ರೆ ಇಲ್ಲಿಗೇ ಮುಗೀತು" ಅಂದರು.

ಮೈದುನ ಕಂಬಕ್ಕೆ ಒರಗಿ ಕೂತಿದ್ದ. ನನ್ನ ಬಾಯನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಆಸೆಯಿತ್ತು: ನಾನು ಅಲ್ಲ ಅನ್ನಲಿ ಎಂಬ ಆಸೆ. ಅಲ್ಲ ಅಂದರೆ ಅವನಿಗೆ ಹೊಡೆಯುವ ಕೈ ವಾಪಸು ಬರುತ್ತಿತ್ತು. ಕೊಟ್ಟಿಗೆಯಲ್ಲಿ ಅವನನ್ನು ಏಕವಚನದಲ್ಲಿ ಕರೆದದ್ದಕ್ಕೂ ಸೇರಿಸಿ ತೀರಿಸುತ್ತಿದ್ದ. ಬಾಗಿಲ ಸಂದಿಯಲ್ಲಿ ಓರಗಿತ್ತಿ ನಿಂತಿದ್ದಳು, ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು. ಬೇಡಿಕೊಳ್ಳುವ ಮುಖವಲ್ಲ. ಬಸ್ಸು ನಿಲ್ಲುತ್ತದೋ ಇಲ್ಲವೋ ಎಂದು ರಸ್ತೆ ಬದಿ ನಿಂತು ನೋಡುವ ಮುಖ.

ನಾನು ಹೇಳಿದೆ, "ಗಿಡ ನನ್ನದು. ಅಡುಗೆಗೂ ಆಗುತ್ತೆ, ಔಷಧಿಗೂ ಆಗುತ್ತೆ. ಆದರೆ ಇಕ್ಕಿದ ಕೈ ನನ್ನದಲ್ಲ. ಕೈಯಲ್ಲಿ ಏನಿತ್ತು ಅಂತ ನಾನು ಹೇಗೆ ಹೇಳಲಿ?"

ಯಾರೋ ಎಲೆಅಡಿಕೆ ಉಗಿದರು. ನನ್ನ ಗಂಡ ನನ್ನನ್ನು ಗುರುತಿಲ್ಲದವರ ಹಾಗೆ ನೋಡಿದರು. ಕಾನ್ವೆಂಟಿನ ಸಿಸ್ಟರ್‌ಗಳು ಅಲ್ಲಿದ್ದಿದ್ದರೆ ನನ್ನನ್ನು ಯಾವ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರೋ ಗೊತ್ತಿಲ್ಲ.

ಆ ಮೇಲೆ ಅವನು ಅವಳನ್ನು ಹೊಡೆಯಲಿಲ್ಲ. ಕುಡಿಯುವುದು ಬಿಡಲಿಲ್ಲ, ಬೈಯುವುದು ಬಿಡಲಿಲ್ಲ. ಕೋಪ ಬಂದಾಗ ಚೊಂಬು ಎಸೆದ, ನಾಯಿಗೆ ಒದ್ದ, ಒಂದು ಸಲ ಬಾಗಿಲ ಹಲಗೆಗೆ ಗುದ್ದಿ ತನ್ನ ಬೆರಳನ್ನೇ ಮುರಿದುಕೊಂಡ. ಕೈ ಎತ್ತಿದರೂ ಅವಳು ಸುಮ್ಮನೆ ಅವನ ಹೊಟ್ಟೆಯ ಕಡೆ ನೋಡುತ್ತಿದ್ದಳು. ಅಷ್ಟೇ ಸಾಕಾಗುತ್ತಿತ್ತು. ಅವಳ ಬೆನ್ನು ಒಂದೇ ಬಣ್ಣಕ್ಕೆ ಬಂತು. ಆಸ್ಪತ್ರೆಯ ಮಾತ್ರೆ ತಿಂದು ಅವನ ಹೊಟ್ಟೆ ಉರಿ ಕಡಿಮೆಯಾದಾಗ, ಅವಳು ಮನಸ್ಸು ಮಾಡಿ ಸಡಿಲ ಬಿಟ್ಟಿದ್ದಾಳೆ ಎಂದು ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಆದರೆ ಅವಳ ಕೈಯಿಂದ ಅವನು ಒಂದು ಗುಟುಕು ನೀರೂ ಕುಡಿಯಲಿಲ್ಲ. ಅವನು ಮಾತ್ರವಲ್ಲ. ಊರೇ ಕುಡಿಯಲಿಲ್ಲ. ಮನೆಮಂದಿಯ ದಿನದ ಅಡುಗೆಯನ್ನು ಅತ್ತೆ ನನಗೆ ಒಪ್ಪಿಸಿದರು, ಅವಳು ತನಗೊಬ್ಬಳಿಗೇ ಬೇರೆ ಬೇಯಿಸಿಕೊಳ್ಳತೊಡಗಿದಳು. ಬಿಸಿಲಲ್ಲಿ ಬಂದವರಿಗೆ ಅವಳು ಮಜ್ಜಿಗೆ ತಂದರೆ, "ಈಗ್ತಾನೆ ಕುಡ್ದೆ ಕನವ್ವಾ" ಅನ್ನುತ್ತಿದ್ದರು. ನಾನು ತಂದರೆ ಕುಡಿಯುತ್ತಿದ್ದರು. ಅವಳು ಹಬ್ಬಕ್ಕೆ ಹಂಚಿದ ಒಬ್ಬಟ್ಟು ಬೀದಿಯ ಆಚೆ ತುದಿಯಲ್ಲಿ ನಾಯಿಗಳ ಬಾಯಲ್ಲಿ ಸಿಕ್ಕಿತು. ಅವಳ ತಮ್ಮನ ಮಗುವಿನ ನಾಮಕರಣಕ್ಕೆ ನಾಗಮಂಗಲಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಅವಳು ಅಭ್ಯಾಸಬಲದಿಂದ ಸಾರಿನ ಬಕೆಟ್ಟು ಎತ್ತಿಕೊಂಡು ಪಂಕ್ತಿಗೆ ಇಳಿದಳು. ಹೆತ್ತ ತಾಯಿಯೇ ಓಡಿಬಂದು, "ನೀನ್ ಕೂತ್ಕೊ ಮಗ, ಸುಸ್ತಾಗಿದ್ದೀಯ" ಎಂದು ಸೌಟು ಕಿತ್ತುಕೊಂಡರು. ಕಿತ್ತುಕೊಂಡ ರಭಸಕ್ಕೆ ಸಾರು ಚೆಲ್ಲಿ ಅವಳ ಪಾದ ಸುಟ್ಟಿತು. ತವರಿನಲ್ಲಿ ಅವಳಿಗೆ ಆದ ಗಾಯ ಅದೊಂದೇ. ವಾಪಸು ಬರುವಾಗ ಬಸ್ಸಿನಲ್ಲಿ ಕಾಲು ಮೇಲೆತ್ತಿ ಕೂತು ಬೊಬ್ಬೆಯನ್ನು ಊದುತ್ತಾ, "ಒಡ್ತಕ್ಕಿಂತ ಇದು ವಾಸಿ ಕನಕ್ಕಾ" ಅಂದಳು. ಸ್ವಲ್ಪ ದೂರ ಹೋದ ಮೇಲೆ, ನಾನು ಕೇಳದೆಯೇ, "ವಾಸಿ" ಎಂದು ಇನ್ನೊಂದು ಸಲ ಅಂದಳು.

ಅದಾದ ಮೇಲಿನ ಮಳೆಗಾಲದಲ್ಲಿ ನನಗೆ ಜ್ವರ ಬಂದು ಮಲಗಿದ್ದೆ. ಅತ್ತೆ ಮಗಳ ಮನೆಗೆ ಹೋಗಿದ್ದರು. ಬ್ಯಾಂಕಿನಿಂದ ಬಂದ ನನ್ನ ಗಂಡನಿಗೆ ಓರಗಿತ್ತಿಯೇ ಮುದ್ದೆ, ಸೊಪ್ಪಿನ ಸಾರು ಬಡಿಸಿ ತಂದಿಟ್ಟಳು. ಮೂಢನಂಬಿಕೆ ಎಂದು ಊರಿಗೆಲ್ಲ ಬುದ್ಧಿ ಹೇಳಿದವರು ಅವರು. ತಟ್ಟೆ ನೋಡಿದರು, ಕೈ ತೊಳೆದುಕೊಂಡು ಬಂದರು, ಮತ್ತೆ ತಟ್ಟೆ ನೋಡಿದರು. "ಬರ್ತಾ ಹೋಟ್ಲಲ್ಲಿ ತಿಂಡಿ ತಿಂದ್ಬಿಟ್ಟೆ" ಎಂದು ಎದ್ದು ಪೇಪರು ಹಿಡಿದುಕೊಂಡು ಜಗಲಿಗೆ ಹೋದರು.

ಅವಳು ತಟ್ಟೆ ತೆಗೆದುಕೊಂಡು ನನ್ನ ಚಾಪೆಯ ಹತ್ತಿರ ಬಂದು ಕೂತಳು. ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಬಾವ್ನೋರು ಬೀಕಾಂ ಓದವ್ರೆ ಕನಕ್ಕಾ!" ಎಂದು ಪಿಸುಗುಟ್ಟಿದಳು. ಆಮೇಲೆ ಬಿಸಿ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದಳು. ಇನ್ನೊಂದು ತುಂಡು ಮುರಿದು ನನ್ನ ಬಾಯಿಯ ಹತ್ತಿರ ಹಿಡಿದು ನಿಲ್ಲಿಸಿದಳು. ಸೊಟ್ಟ ಮಣಿಕಟ್ಟಿನ ಕೈ ಅದು.

"ನಿಂಗೂ ಎದ್ರಿಕೆಯಾ?"

ನಾನು ತಿಂದೆ. ಜ್ವರದ ನಾಲಿಗೆಗೂ ಗೊತ್ತಾಗುವಷ್ಟಿತ್ತು. "ಉಪ್ಪು ಕಮ್ಮಿ ಆಗಿದೆ" ಅಂದೆ.

ಅವಳು ನಗು ನಿಲ್ಲಿಸಿದಳು. ಎದ್ದುಹೋಗಿ ಉಪ್ಪಿನ ಡಬ್ಬಿ ತಂದು ನನ್ನ ಕೈಗೇ ಕೊಟ್ಟಳು.

"ನೀನೇ ಆಕ್ಕೊ," ಅಂದಳು. "ಎಷ್ಟ್ ದಿನದಿಂದ ಇಂಗೇ ಮಾಡ್ತಿದ್ನೋ ಏನೋ. ಏಳೋರ್ ಯಾರವ್ರೆ ನಂಗೆ?"